ಮುದ್ದೆಯೊಳಗಿನ ಮೊಟ್ಟೆ

ಅಮ್ಮ ಈಗಷ್ಟೇ ತಟ್ಟೆಗೆ ಬಿಸಿ ಮುದ್ದೆ ಹಾಕಿದಳು. ಸೊಪ್ಪಿನ ಸಾರಿನ ವಾಸನೆ ಮೂಗು ತಲುಪುವ ಮೊದಲೇ ನನ್ನ ಬೆರಳು ಮುದ್ದೆಯನ್ನು ಒತ್ತಿ ನೋಡಿತು. ಒಳಗೇನೂ ಇರಲಿಲ್ಲ. ಯಾಕೆ ಒತ್ತಿದೆ ಎಂದು ನಿಮಗೆ ಹೇಳಿಬಿಡುತ್ತೇನೆ.

ಹೋದ ವರ್ಷದಿಂದ ಶನಿವಾರಗಳಂದು ಗಾವಡಗೆರೆ ಕಡೆಯ ಒಂದು ಶಾಲೆಗೆ ಹೋಗಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ನಾನು ತಾರೀಖು ಬರೆದಿಡದೆ ಬೆಂಡೆಕಾಯಿಯನ್ನೂ ಕೊಳ್ಳದ ಆಸಾಮಿ. ಹೆಲ್ಮೆಟ್ಟು ಯಾಕೆ ಬೇಕು ಎಂದು ಮಕ್ಕಳಿಗೆ ತೋರಿಸಲು ಒಂದು ಪರೀಕ್ಷೆ ಹೂಡಿದೆ: ಮೊಟ್ಟೆಯೇ ತಲೆ, ಅದಕ್ಕೆ ಏನು ಸುತ್ತಿ ಮಹಡಿಯಿಂದ ಬಿಟ್ಟರೆ ಉಳಿಯುತ್ತದೆ? ಎತ್ತರ ಒಂದೇ, ಮೊಟ್ಟೆ ಒಂದೇ ಗಾತ್ರ, ಬದಲಾಗುವುದು ಸುತ್ತಿದ ವಸ್ತು ಮಾತ್ರ.

ಹೆಡ್ ಮಾಸ್ತರಿಗೆ ಇದು ಹಿಡಿಸಲಿಲ್ಲ. ಆ ಗಂಟೆ ಮೊದಲು ಕಾಪಿ ಬರವಣಿಗೆಯದಾಗಿತ್ತು. ಒಂದಾದರೂ ಮೊಟ್ಟೆ ಉಳಿದರೆ ಶನಿವಾರ ನಿಮ್ಮದು, ಇಲ್ಲದಿದ್ದರೆ ಮಕ್ಕಳು ಮತ್ತೆ ಕಾಪಿ ಬರೆಯುತ್ತಾರೆ ಎಂದರು. ಮಕ್ಕಳ ಮುಖ ನೋಡಬೇಕಿತ್ತು ನೀವು.

ತಲೆ ಅಂದಮೇಲೆ ಮುಖ ಬೇಡವೇ? ಒಂದೊಂದು ಗುಂಪೂ ತನ್ನ ಮೊಟ್ಟೆಗೆ ಕಣ್ಣು ಬಾಯಿ ಬರೆಯಿತು. ಹುಲ್ಲು ಸುತ್ತಿದ್ದು ಒಡೆಯಿತು. ತೆಂಗಿನ ನಾರಿನದು ಒಡೆಯಿತು. ಒಣಗಿದ ಹೊಗೆಸೊಪ್ಪಿನದು ಪುಡಿಪುಡಿಯಾಗಿ, ನಾವೆಲ್ಲ ಸೀನಿದೆವು. ನನ್ನ ಸ್ವೆಟರು ಸುತ್ತಿದ ಮೊಟ್ಟೆ ಉಳಿಯುತ್ತದೆಂದು ನಾನೇ ಹೇಳಿದ್ದೆ. ಆ ಸ್ವೆಟರನ್ನು ಅಮ್ಮ ಎರಡು ಸಲ ಒಗೆಯಬೇಕಾಯಿತು.

ಇನ್ನು ಬಾಕಿ ಇದ್ದದ್ದು ನಂದಿನಿಯ ಗುಂಪು ಒಂದೇ. ಅವಳು ಅಡುಗೆಯ ಮಾದೇವಮ್ಮನನ್ನು ಕಾಡಿ ದೊಡ್ಡ ರಾಗಿಮುದ್ದೆ ಕಟ್ಟಿಸಿಕೊಂಡು, ಬೀಸಿ ಬೀಸಿ ಆರಿಸಿ, ಮೊಟ್ಟೆಯನ್ನು ಅದರೊಳಗೆ ಹುದುಗಿಸಿ ತಂದಿದ್ದಳು. ಇದ್ಯಾವ ವಿಜ್ಞಾನ ಎಂದು ಕೇಳಿದೆ.

“ಮುದ್ದೆನ ಯಾರೂ ಅಗಿಯಲ್ಲ ಸಾ, ನುಂಗ್ತಾರೆ. ಗಂಟ್ಲೇ ನೋಯಲ್ಲ, ಮೊಟ್ಟೆ ಯಾಕ್ ನೋಯ್ತದೆ?”

ನನ್ನ ಪಟ್ಟಿಯಲ್ಲಿ ‘ಸುತ್ತಿದ ವಸ್ತು’ ಎಂಬ ಕಾಲಮಿನಲ್ಲಿ ‘ರಾಗಿಮುದ್ದೆ’ ಎಂದು ಬರೆದುಕೊಂಡೆ.

“ಅನ್ನ ಮೇಲಿಂದ ಎಸೀತಿಯೇನವ್ವಾ, ಪಾಪ ಬತ್ತದೆ ಕಣೆ,” ಎಂದು ಮಾದೇವಮ್ಮ ಗೊಣಗಿದಳು. ಬಿದ್ದದ್ದು ಕೋಳಿಗೆ ಹಾಕುತ್ತೇವೆಂದು ನಂದಿನಿ ಮಾತು ಕೊಟ್ಟಮೇಲೆ ಸುಮ್ಮನಾದಳು.

ಮುದ್ದೆ ಬಿತ್ತು. ಕೊಟ್ಟಿಗೆಯಲ್ಲಿ ಎಮ್ಮೆ ಸಗಣಿ ಹಾಕಿದಂಥ ಸದ್ದು. ಎರಡು ಹೋಳಾಯಿತು. ಒಳಗಿಂದ ಮೊಟ್ಟೆ ಉರುಳುತ್ತಾ ಹೊರಬಂತು, ಇಡಿಯಾಗಿ. ಉರುಳಿ ಉರುಳಿ ಹೆಡ್ ಮಾಸ್ತರ ಕಾಲ ಹತ್ತಿರ ನಿಂತಿತು. ಅದಕ್ಕೆ ದಪ್ಪ ಮೀಸೆ ಇತ್ತು, ಹಣೆಯ ಮೇಲೆ ಕನ್ನಡಕ ಇತ್ತು.

ಮಾಸ್ತರು ಬಗ್ಗಿ ನೋಡಿದರು. “ಯಾರವ್ವಾ ಇದು?”

“ನೀವೇ ಸಾ.”

ಕನ್ನಡಕ ಹಣೆಯ ಮೇಲಿದ್ದ ಹಾಗೆಯೇ, ಇನ್ನೂ ಹತ್ತಿರದಿಂದ ನೋಡಲು ಅವರು ಒಂದು ಹೆಜ್ಜೆ ಮುಂದಿಟ್ಟರು. ಚಪ್ಪಲಿಯಡಿ ಸಣ್ಣಗೆ ‘ಚಟ್’ ಎಂದಿತು.

ಮಕ್ಕಳು ಒಬ್ಬರ ಹಿಂದೊಬ್ಬರು ಸರಿದರು. ಕಾಪಿ ಪುಸ್ತಕಗಳು ಕಣ್ಣಮುಂದೆ ಬಂದಿರಬೇಕು. ಮಾಸ್ತರು ಕಾಲೆತ್ತಿ ತಮ್ಮ ಮೀಸೆಯ ಚೂರನ್ನು ನೋಡಿದರು. ಆಮೇಲೆ ನನ್ನ ಪೆನ್ನಿನ ಕಡೆ ತಿರುಗಿದರು.

“ಬಿದ್ದಾಗ ನಾನು ಬದುಕಿದ್ದೆ ಅಂತ ಬರ್ಕಳ್ಳಿ. ಆಮೇಲಿಂದು ಬ್ಯಾಡ.”

ಹಾಗೆಯೇ ಬರೆದುಕೊಂಡೆ. ಶನಿವಾರ ಉಳಿಯಿತು. ಮಾಸ್ತರು ಈಗ ಪ್ರತಿ ವಾರ ತಪ್ಪದೆ ಬರುತ್ತಾರೆ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಬರಿಗಾಲಲ್ಲಿ, ಗೋಡೆಗೆ ಅಂಟಿಕೊಂಡು ನಿಲ್ಲುತ್ತಾರೆ. ನಾನೂ ಪಟ್ಟಿಗೆ ಒಂದು ಕಾಲಂ ಸೇರಿಸಿದ್ದೇನೆ: ‘ಪಕ್ಕದಲ್ಲಿ ಯಾರು ನಿಂತಿದ್ದರು.’