ಕುರಿ ಸಂತೆಯ ಉಪಾಯದಲ್ಲಿ ಮನೆ ಕೊಳ್ಳಲು ಹೋಗಿ

ಶಿರಾದ ನಮ್ಮ ಹಳೇ ಬೀದಿಯಲ್ಲಿ ಮನೆಗಳ ರೇಟು ಏಕೆ ಇದ್ದಕ್ಕಿದ್ದಂತೆ ಮೇಲೆದ್ದಿತು ಎಂದು ಕಳೆದ ವಾರ ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ವಿವರಿಸುತ್ತಿದ್ದರು. ಹೈವೇ. ಬೆಂಗಳೂರಿನ ದುಡ್ಡು. ಬರಲಿರುವ ಫ್ಯಾಕ್ಟರಿ. ಬ್ಯಾಂಕಿನ ಬಡ್ಡಿ. ಪಾವಗಡದ ಕಡೆ ಸೋಲಾರ್‌ಗೆ ಜಮೀನು ಬಿಟ್ಟುಕೊಟ್ಟು ಬಾಡಿಗೆ ಪಡೆಯುತ್ತಿರುವವರು. ಒಂದೊಂದು ಕಾರಣಕ್ಕೂ ಒಂದೊಂದು ಬೆರಳು ಮಡಚಿದರು.

ನಾನು ಡಬ್ಬಿಯ ಚಿತ್ರಾನ್ನದಲ್ಲಿ ಕಡಲೇಬೀಜ ಹುಡುಕುತ್ತಾ ಕೂತಿದ್ದೆ. ಅವರ ಲೆಕ್ಕಕ್ಕೆ ಸಿಗದ ಕಾರಣ ಒಂದಿತ್ತು. ಅದು ನನ್ನ ಮೈದುನ ರಂಗಪ್ಪ.

ಮೊದಲಿನಿಂದ ಹೇಳುತ್ತೇನೆ. (ಹೇಳಿ ಈಗ ಪ್ರಯೋಜನವೇನೂ ಇಲ್ಲ. ಆದರೂ ವಾರಕ್ಕೊಮ್ಮೆ ನಿಮ್ಮ ಹತ್ತಿರ ಹೇಳಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ.)

ಒಂಬತ್ತು ವರ್ಷ ನಾವು ಬಾಡಿಗೆಗಿದ್ದದ್ದು ಗಫಾರ್ ಸಾಹೇಬರ ಮನೆಯಲ್ಲಿ. ಹಾರ್ಡ್‌ವೇರ್ ಅಂಗಡಿಯವರು, ವಾಸ ಎದುರು ಮನೆಯಲ್ಲೇ. ನಲ್ಲಿ ಸೋರುತ್ತಿದೆ ಎಂದರೆ ಸಂಜೆ ಅಂಗಡಿಯಿಂದ ಬರುವಾಗ ತಾವೇ ವಾಷರ್ ತಂದು ಹಾಕುವ ಓನರ್. ಇಂಥವರೂ ಇದ್ದಾರೆಯೇ ಎಂದು ಕೇಳಬೇಡಿ. ನಮಗೆ ಸಿಕ್ಕಿದ್ದರು.

ಮನೆ ಏನು ಅರಮನೆಯಲ್ಲ. ಎರಡು ರೂಮು, ಒಂದು ಹಜಾರ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಆದರೂ ನಮಗೆ ಆ ಮನೆಯೇ ಬೇಕಿತ್ತು. ಕಾರಣ ನಮ್ಮ ಅತ್ತೆ.

ಅತ್ತೆ ಪಾವಗಡದ ಕಡೆಯವರು. ಕಣ್ಣಿನ ನರ ಬತ್ತುತ್ತಾ ಬತ್ತುತ್ತಾ ಈಗ ಬೆಳಕಿದೆಯೋ ಇಲ್ಲವೋ ಎನ್ನುವಷ್ಟು ಮಾತ್ರ ಗೊತ್ತಾಗುತ್ತದೆ. ಆದರೆ ಆ ಮನೆಯೊಳಗೆ ಅವರನ್ನು ನೋಡಿದವರಿಗೆ ಕಣ್ಣು ಕಾಣದು ಎಂದು ಹೇಳಿದರೆ ನಂಬುತ್ತಿರಲಿಲ್ಲ. ಗೋಡೆಗೆ ಬೆರಳು ತಾಗಿಸಿಕೊಂಡು ಬಚ್ಚಲಿಗೆ ಹೋಗಿ ಬರುತ್ತಿದ್ದರು. ಸ್ಟವ್ ಹಚ್ಚಿ ಕಾಫಿಗೆ ನೀರಿಡುತ್ತಿದ್ದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಹಿತ್ತಲಿನ ಬಟ್ಟೆ ಒಳಗೆ ಬಂದಿರುತ್ತಿತ್ತು, ಯಾರ ಸೀರೆ, ಯಾರ ಪಂಚೆ ಎಂದು ಬೇರೆ ಬೇರೆ ಮಡಚಿ ಇಟ್ಟಿರುತ್ತಿದ್ದರು. ಕಣ್ಣಿದ್ದಾಗ ಕಲಿತ ಮನೆ ಅದು. ಈ ವಯಸ್ಸಿನಲ್ಲಿ ಇನ್ನೊಂದು ಮನೆ ಕಲಿಯುವುದು ಕಷ್ಟ ಎಂದು ಡಾಕ್ಟರೂ ಹೇಳಿದ್ದರು.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಸಾಹೇಬರು ಬಂದು ನಮ್ಮ ಜಗಲಿಯ ಮೇಲೆ ಕೂತರು. ಮುಖ ಯಾಕೋ ಸಪ್ಪಗಿತ್ತು.

“ಟೀಚರಮ್ಮಾ, ಮಕ್ಳು ಪಾಲು ಮಾಡ್ಬುಡಿ ಅಂತವ್ರೆ. ಈ ಮನೆ ಮಾರ್ಬೇಕು. ಬ್ರೋಕರ್‌ಗೆ ಹೇಳಿಲ್ಲ, ಮೊದ್ಲು ನಿಮಗೇ ಹೇಳ್ತಿವ್ನಿ. ಮೂವತ್ತು ಲಕ್ಷ ಅಂದ್ಕೊಂಡಿವ್ನಿ. ಜಲ್ದಿ ಏನಿಲ್ಲ. ಯಜಮಾನ್ರ ಹತ್ರ ಮಾತಾಡ್ಕೊಂಡು ಹೇಳಿ.”

ನಮ್ಮ ಪಿಎಫ್, ಬ್ಯಾಂಕಿನ ಸಾಲ, ನನ್ನ ಬಳೆ, ಎಲ್ಲ ಸೇರಿಸಿದರೆ ಕಷ್ಟಪಟ್ಟು ಮುಟ್ಟಬಹುದಾದ ಬೆಲೆ. “ಹೂಂ ಅಂದುಬಿಡೋಣ” ಎಂದೆ.

ನಮ್ಮ ಮನೆಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಹೇಳಿದ ಬೆಲೆಗೇ ಯಾರಾದರೂ ಹೂಂ ಅನ್ನುತ್ತಾರೆಯೇ? ತಳ್ಳುಗಾಡಿಯವಳು ಹೇಳಿದ ರೇಟಿಗೇ ಸೊಪ್ಪು ತಂದರೆ ಮನೆಯಲ್ಲಿ ಬೈಸಿಕೊಳ್ಳುವ ಜನ ನಾವು. ಮನೆಯ ವಿಷಯದಲ್ಲಿ ಒಂದು ಮಾತೂ ಚೌಕಾಶಿ ಮಾಡದೆ ಒಪ್ಪಿಕೊಂಡರೆ ನೆಂಟರೆದುರು ತಲೆ ಎತ್ತುವುದು ಹೇಗೆ? ಅವರು ತಮ್ಮನಿಗೆ ಫೋನು ಮಾಡಿದರು.

ರಂಗಪ್ಪ ಇರುವುದು ಕಳ್ಳಂಬೆಳ್ಳದ ಹತ್ತಿರ. ಕುರಿ ಸಾಕುತ್ತಾನೆ, ಅದಕ್ಕಿಂತ ಹೆಚ್ಚಾಗಿ ಕುರಿ ಕೊಂಡು ಮಾರುತ್ತಾನೆ. ವ್ಯಾಪಾರದಲ್ಲಿ ಅವನು ಮೋಸಹೋದದ್ದನ್ನು ಯಾರೂ ನೋಡಿಲ್ಲ. (ನೋಡಿದವರು ಹೇಳಿಲ್ಲವೇನೋ.) ಮರುದಿನವೇ ಬಂದು ಚಕ್ಕಳಮಕ್ಕಳ ಹಾಕಿ ಕೂತು ನಮಗೆ ಪಾಠ ಮಾಡಿದ.

“ಅತ್ಗೆ, ನೀವು ಸುಮ್ಕಿರಿ. ಸಂತೇಲಿ ಒಳ್ಳೆ ಟಗರು ಕಂಡ್ರೆ ನಾವು ನೇರ ಹೋಗಿ ಕೇಳ್ತೀವಾ? ಮೊದ್ಲು ನಮ್ಮೋನ್ ಒಬ್ಬುನ್ನ ಬುಡ್ತೀವಿ. ಅವ್ನು ಹಲ್ಲು ನೋಡಿ, ಬೆನ್ನು ಮುಟ್ಟಿ, ಕಮ್ಮಿ ರೇಟು ಕೇಳಿ, ಮೂತಿ ತಿರುವ್ಕೊಂಡು ಹೋಯ್ತಾನೆ. ಆಮೇಲೆ ಇನ್ನೊಬ್ಬ. ಹೊತ್ತು ಇಳಿಯೋ ಹೊತ್ಗೆ ಮಾರೋನ್ ಎದೆನೂ ಇಳ್ದಿರ್ತದೆ. ಆಗ ನಾವು ಹೋಗಿ ಒಂಚೂರು ಜಾಸ್ತಿ ಕೇಳಿದ್ರೆ ಕೈ ಮುಗ್ದು ಕೊಡ್ತಾನೆ.”

“ಅದು ಕುರಿ ಕಣೋ ರಂಗಪ್ಪ, ಇದು ಮನೆ.”

“ಯಾವ್ದಾದ್ರೇನತ್ಗೆ, ಮಾರೋನು ಮಾರೋನೇ.”

ರಂಗಪ್ಪನ ಮುಖ ಸಾಹೇಬರಿಗೆ ಗೊತ್ತು. ಹಾಗಾಗಿ ಅವನ ಕುರಿ ವ್ಯಾಪಾರದ ಜೊತೆಗಾರ ಮೊದಲು ಬಂದ. ಬೈಕು ನಿಲ್ಲಿಸಿ, ಗೋಡೆ ತಟ್ಟಿ ನೋಡಿ, ಗಾರೆ ಸರಿಯಿಲ್ಲ ಎಂದು ಹೇಳಿ, ಇಪ್ಪತ್ತೆರಡಕ್ಕೆ ಕೇಳಿ, ಹೇಳಿಕೊಟ್ಟ ಹಾಗೆಯೇ ಮೂತಿ ತಿರುವಿಕೊಂಡು ಹೋದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ನಟನೆ ಚೆನ್ನಾಗಿತ್ತು.

ಸಂಜೆ ಸಾಹೇಬರು ಬಂದರು. ಎದೆ ಇಳಿಯುವುದಿರಲಿ, ಮುಖ ಅರಳಿತ್ತು.

“ನೋಡಿ ಟೀಚರಮ್ಮಾ, ನಾನು ಯಾರ್ಗೂ ಹೇಳೇ ಇಲ್ಲ, ಆಗ್ಲೇ ಒಬ್ರು ಬಂದ್ಬುಟ್ರು! ಕುರಿ ವ್ಯಾಪಾರದೋರಂತೆ. ಕ್ಯಾಶ್ ಪಾರ್ಟಿ.”

“ಎಷ್ಟಕ್ಕೆ ಕೇಳಿದ್ರು?” ಎಂದೆ.

“ಎಷ್ಟೋ ಕೇಳಿದ್ರು, ಅದು ಬುಡಿ. ಕೇಳಿದ್ರಲ್ಲ!”

ಅಲ್ಲೇ ನಮಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ನಮ್ಮ ಮನೆಯವರು ದಿನಾ ಬಸ್ಸಿನಲ್ಲಿ ಮಧುಗಿರಿಗೆ ಹೋಗಿ ಬರುತ್ತಾರೆ, ಅಲ್ಲಿ ಆಫೀಸಿನಲ್ಲಿ ಕ್ಲರ್ಕು. ಮುಂದಿನ ಭಾನುವಾರ ಅವರ ಸಹೋದ್ಯೋಗಿಯೊಬ್ಬರು ಇನ್‌ಶರ್ಟ್ ಮಾಡಿಕೊಂಡು, ಬಗಲಿಗೆ ಬ್ಯಾಗು ಹಾಕಿಕೊಂಡು ಬಂದರು. ಖಾತೆ ಯಾರ ಹೆಸರಿನಲ್ಲಿದೆ, ಕಂದಾಯ ಕಟ್ಟಿದೆಯೇ ಎಂದೆಲ್ಲ ವಿಚಾರಿಸಿ ಇಪ್ಪತ್ನಾಲ್ಕಕ್ಕೆ ಕೇಳಿದರು. ಸಾಹೇಬರು ಅಂದು ನನ್ನನ್ನು ಗೇಟಿನ ಹತ್ತಿರ ಕರೆದು ಗುಟ್ಟಿನಲ್ಲಿ ಹೇಳಿದರು: “ಮಧುಗಿರಿ ಆಫೀಸಿನೋರು. ಮುಂದೆ ಈ ಕಡೆ ಏನು ಬರ್ತದೆ ಅಂತ ಆಫೀಸಿನೋರ್ಗೆ ಮೊದ್ಲೇ ತಿಳ್ದಿರ್ತದೆ, ಅಲ್ವಾ?”

ಮೂರನೆಯವರು ಕೊರಟಗೆರೆಯ ನನ್ನ ಚಿಕ್ಕಮ್ಮನ ಅಳಿಯ. ಬಸ್ಸಿನಲ್ಲಿ ಬಂದರೆ ಯಾರು ಮರ್ಯಾದೆ ಕೊಡುತ್ತಾರೆ ಎಂದು ಗೆಳೆಯನ ಬಿಳಿ ಕಾರು ತಂದಿದ್ದರು. ಆ ಕಾರು ನಮ್ಮ ಬೀದಿಯಲ್ಲಿ ಅರ್ಧ ಗಂಟೆ ನಿಂತಿತ್ತು. ಟೀ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ನೋಡಿದ. ಎದುರು ಸಾಲಿನ ಮೂವರು ಮನೆಯೊಡೆಯರು ಹೊರಗೆ ಬಂದು ನಿಂತು ತಮ್ಮ ತಮ್ಮ ಮನೆಗಳನ್ನೇ ಹೊಸದಾಗಿ ನೋಡಿಕೊಂಡರು. ಬಂದ ಅಳಿಯ ಕೇಳಿದ್ದು ಇಪ್ಪತ್ತೈದಕ್ಕೆ. ಯಾರಿಗೆ ಬೇಕು ಆ ಇಪ್ಪತ್ತೈದು? ಕಾರು ಕೇಳಿತಲ್ಲ!

ಸಾಹೇಬರ ಮಕ್ಕಳ ಫೋನು ಬಂತು, ಸುಮ್ಮನೆ ಯಾರಿಗೂ ಮಾತು ಕೊಡಬೇಡಿ ಎಂದು. ಬೆಲೆ ಮೂವತ್ತಾರಾಯಿತು.

ಆಮೇಲೆ ಬ್ರೋಕರ್ ಬಂದ. ಅವನನ್ನು ಯಾರೂ ಕರೆದಿರಲಿಲ್ಲ. ಟೀ ಅಂಗಡಿಯಲ್ಲಿ ಸುದ್ದಿ ಸಿಕ್ಕಿತ್ತು: ಈ ಬೀದಿಗೆ ಒಂದೇ ತಿಂಗಳಲ್ಲಿ ಮೂರು ಊರಿನ ಪಾರ್ಟಿ. ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ, ಆದರೆ ಬ್ರೋಕರ್ ಆದವನು ಗೊತ್ತಿಲ್ಲ ಎನ್ನುವ ಹಾಗಿಲ್ಲವಲ್ಲ. ಸರ್ವೀಸ್ ರೋಡ್ ಅಗಲ ಆಗುತ್ತದಂತೆ ಎಂದ. ಫ್ಯಾಕ್ಟರಿ ಎಂದ. ಫ್ಯಾಕ್ಟರಿಯ ಆಫೀಸರುಗಳಿಗೆ ಬಾಡಿಗೆ ಮನೆ ಬೇಕಾಗುತ್ತದೆ ಎಂದ. ನಮ್ಮ ಮೇಷ್ಟ್ರು ಸ್ಟಾಫ್‌ರೂಮಿನಲ್ಲಿ ಬೆರಳು ಮಡಚಿ ಹೇಳಿದ್ದೆಲ್ಲ ಹೆಚ್ಚುಕಡಿಮೆ ಇವನು ಟೀ ಅಂಗಡಿಯಲ್ಲಿ ಹೇಳಿದ್ದೇ. ಆ ಕಾರಣಗಳು ಸುಳ್ಳು ಎಂದು ನಾನು ಹೇಳುವುದಿಲ್ಲ. ಬೇರೆ ಬೀದಿಗಳಲ್ಲಿ ನಿಜವೇ ಇರಬಹುದು. ನಮ್ಮ ಬೀದಿಯಲ್ಲಿ ಮಾತ್ರ ಬೆಲೆ ಮೊದಲು ಏರಿತು, ಕಾರಣಗಳು ಆಮೇಲೆ ಬಂದು ಸೇರಿಕೊಂಡವು.

ಇದರಲ್ಲಿ ನನಗೆ ಈಗಲೂ ನಗು ಬರುವುದು ಒಂದೇ ವಿಷಯಕ್ಕೆ. ಒಂದು ಬೆಳಿಗ್ಗೆ ನಮ್ಮ ಮನೆಯವರು ಶೇವಿಂಗ್ ಅರ್ಧಕ್ಕೆ ನಿಲ್ಲಿಸಿ, ಕೆನ್ನೆ ತುಂಬ ನೊರೆ ಇಟ್ಟುಕೊಂಡು ಅಡುಗೆಮನೆಗೆ ಬಂದರು.

“ಏನೋ ಬರ್ತಿದೆ ಕಣೇ ಈ ಕಡೆ. ಇಲ್ದೇ ಇದ್ರೆ ಮೂರು ಊರಿನವರು ಯಾಕೆ ಬಂದು ಕೇಳ್ತಾರೆ?”

“ಕಳಿಸಿದ್ದು ನೀವೇ ಅಲ್ಲವೇನ್ರೀ?”

ಕತ್ತಿಗೆ ಇಳಿಯುತ್ತಿದ್ದ ನೊರೆಯನ್ನು ಬೆರಳಲ್ಲಿ ಒರೆಸಿಕೊಂಡರು. ಆಮೇಲೆ, “ಆದ್ರೂ...” ಎಂದು ಎಳೆದು ಕನ್ನಡಿಯ ಮುಂದೆ ಹೋದರು.

ಈ “ಆದ್ರೂ” ಇದೆಯಲ್ಲ, ಅದರ ಬಲದ ಮೇಲೆ ಎಷ್ಟು ಲೇಔಟ್‌ಗಳು ಎದ್ದು ನಿಂತಿವೆಯೋ! ತಾನೇ ಕಳಿಸಿದ ಮನುಷ್ಯನನ್ನು ನೋಡಿ ತಾನೇ ನಂಬಿದವರು ನಮ್ಮ ಮನೆಯವರೊಬ್ಬರೇ ಇರಲಾರರು.

ಒಂದು ಮಧ್ಯಾಹ್ನ ಬ್ರೋಕರ್ ಮನೆ ತೋರಿಸಬೇಕು ಎಂದು ಬಂದ. ಜೊತೆಯಲ್ಲಿ ಯಾರೂ ಇರಲಿಲ್ಲ. ಮೊಬೈಲು ಮುಂದೆ ಹಿಡಿದುಕೊಂಡು ಹಜಾರ, ರೂಮು, ನನ್ನ ಅಡುಗೆಮನೆಯ ಸಿಂಕು, ಅದರಲ್ಲಿದ್ದ ಮುಸುರೆ ಪಾತ್ರೆ, ಎಲ್ಲವನ್ನೂ ಬೆಂಗಳೂರಿನಲ್ಲಿ ಕೂತ ಯಾರಿಗೋ ವಿಡಿಯೋ ಕಾಲಿನಲ್ಲಿ ತೋರಿಸಿದ. ಅತ್ತೆ ಕೂತಲ್ಲಿಂದಲೇ ತಲೆ ಎತ್ತಿದರು.

“ಯಾರು ಬಂದವ್ರೆ?”

“ಯಾರೂ ಇಲ್ಲ ಅಜ್ಜಿ, ಫೋನು” ಎಂದ.

ಆ ಫೋನೇ ಮನೆ ತೆಗೆದುಕೊಂಡಿತು. ನಲವತ್ತಕ್ಕೆ.

ನಾನು ಒಬ್ಬಳೇ ಸಾಹೇಬರ ಮನೆಗೆ ಹೋದೆ. ನಮಗೇ ಕೊಡಿ, ಬೇಕಾದರೆ ಮೂವತ್ತರ ಮೇಲೆ ಇನ್ನೂ ಎರಡು ಹೇಗಾದರೂ ಹೊಂದಿಸುತ್ತೇನೆ ಎಂದೆ. ಅತ್ತೆಯ ಕಣ್ಣಿನ ವಿಷಯ ಹೇಳಿದೆ. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವರು ನನ್ನ ಮುಖ ನೋಡದೆ ಟೀ ಲೋಟ ನನ್ನ ಕಡೆ ಸರಿಸಿದರು.

“ಅಡ್ವಾನ್ಸ್ ಮಕ್ಳ ಕೈ ಸೇರ್ಬುಟ್ಟದೆ ಟೀಚರಮ್ಮಾ. ಮೊದ್ಲನೇ ದಿನ ನೀವು ಹೂಂ ಅಂದಿದ್ರೆ ಅವ್ರಿಗೂ ಕೇಳ್ದೆ ಕೊಟ್ಬುಡ್ತಿದ್ದೆ. ಒಂದ್ ತಿಂಗ್ಳು ಕಾದೆ. ಊರೋರೆಲ್ಲ ಬಂದು ಕೇಳಿದ್ರು, ನೀವು ಮಾತ್ರ ಕೇಳ್ಲೇ ಇಲ್ಲ. ನಿಮ್ಗೆ ಬೇಡ ಅಂದ್ಕೊಂಡೆ.”

ಬಂದವರೆಲ್ಲ ನಮ್ಮವರೇ ಸಾಹೇಬರೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿ ಏನಾಗಬೇಕಿತ್ತು? ಟೀ ಕುಡಿದು ಎದ್ದು ಬಂದೆ. ಅಷ್ಟು ಸುಸ್ತು ನನಗೆ ಇಡೀ ಪರೀಕ್ಷೆಯ ಪೇಪರ್ ತಿದ್ದಿದಾಗಲೂ ಆದದ್ದಿಲ್ಲ.

ಸಾಮಾನು ಸಾಗಿಸಲು ರಂಗಪ್ಪನೇ ಕುರಿ ತುಂಬುವ ಲಗೇಜ್ ಆಟೋ ತಂದ. ಬೀರು ಏರಿಸಿ ಹಗ್ಗ ಬಿಗಿದ. ಆಮೇಲೆ ನನ್ನ ಹತ್ತಿರ ಬಂದು ಟವೆಲಿನಲ್ಲಿ ಮುಖ ಒರೆಸಿಕೊಂಡ.

“ಒಂದು ಮರ್ತುಬುಟ್ಟೆ ಅತ್ಗೆ. ಸಂಜೆ ಆದ್ರೆ ಕುರಿ ಹಸಿತದೆ. ಮಾರ್ದೆ ಹೋದ್ರೆ ಮನೆವರ್ಗೂ ವಾಪಸ್ ಹೊಡ್ಕೊಂಡು ಹೋಗ್ಬೇಕು. ಅದ್ಕೇ ಮಾರೋನು ಬಗ್ಗೋದು. ಮನೆಗೇನು ಹಸಿವಾ, ನೀರಡಿಕೆನಾ? ಅದು ಹಂಗೇ ನಿಂತಿರ್ತದೆ.”

ಅವನನ್ನು ಬೈಯಬೇಕು ಎಂದುಕೊಂಡಿದ್ದೆ. ಆಗಲಿಲ್ಲ. ನಮ್ಮ ಒಳ್ಳೆಯದಕ್ಕೇ ಮಾಡಿದವನು, ಅವನ ಉಪಾಯಕ್ಕೆ ತಲೆಯಾಡಿಸಿದವರು ನಾವು. ಕಾಯುವ ಶಕ್ತಿ ಯಾರಿಗಿದೆಯೋ ಅವರು ಹೇಳಿದ್ದೇ ಬೆಲೆ ಎನ್ನುವುದು ಇಷ್ಟು ವರ್ಷ ಬಾಡಿಗೆ ಕಟ್ಟಿಯೂ ನಮಗೆ ಹೊಳೆದಿರಲಿಲ್ಲ. ಮನೆ ಕಾಯುತ್ತದೆ. ಬಾಡಿಗೆಯವರಿಗೆ ಕಾಯಲು ಆಗುತ್ತದೆಯೇ? ನಮ್ಮ ಗ್ಯಾಸು, ನಮ್ಮ ಹಾಲಿನವನು, ನಮ್ಮ ಅತ್ತೆ, ಇವರನ್ನೆಲ್ಲ ಕಟ್ಟಿಕೊಂಡು ಸಂಜೆಯೊಳಗೆ ಎಲ್ಲಾದರೂ ಸೇರಿಕೊಳ್ಳಬೇಕು. ಆ ಸಂತೆಯಲ್ಲಿ ಕುರಿ ಯಾರು ಎಂದು ನಾವು ಸರಿಯಾಗಿ ನೋಡಿಕೊಂಡಿರಲಿಲ್ಲ.

ಈಗಿರುವ ಮನೆ ಅಲ್ಲಿಂದ ಎರಡು ಬೀದಿ ಆಚೆ. ಚಿಕ್ಕದು, ಬಾಡಿಗೆ ಮಾತ್ರ ಹೆಚ್ಚು. ಯಾಕೆ ಎಂದು ಕೇಳಿದ್ದಕ್ಕೆ ಹೊಸ ಓನರ್ ನಕ್ಕರು. “ಏನ್ ಮೇಡಂ, ನಿಮ್ ಹಳೇ ಬೀದೀಲಿ ರೇಟು ಎಲ್ಲಿಗೆ ಹೋಗಿದೆ ನೋಡಿದ್ರಲ್ಲ!” ನೋಡಿದೆ ಸ್ವಾಮಿ, ಹತ್ತಿರದಿಂದಲೇ ನೋಡಿದೆ.

ಅತ್ತೆ ಇಲ್ಲಿ ಮಂಚದಿಂದ ತಾವಾಗಿ ಏಳುವುದಿಲ್ಲ. ಮೊದಮೊದಲು ಪ್ರಯತ್ನಿಸಿದರು. ಗೋಡೆ ಹಿಡಿದು ಹೊರಟರೆ ಬಾಗಿಲು ಇರಬೇಕಾದ ಕಡೆ ಕಿಟಕಿಯ ಸರಳು ಸಿಗುತ್ತದೆ. ಒಮ್ಮೆ ಹೊಸ್ತಿಲು ಎಡವಿ ಮೊಣಕಾಲು ತರಚಿತು. ಅಂದಿನಿಂದ ಬಚ್ಚಲಿಗೂ ನನ್ನನ್ನು ಕರೆಯುತ್ತಾರೆ. ಕರೆದು, “ಏಮಿ ಕರ್ಮಮೋ” ಎಂದು ತೆಲುಗಿನಲ್ಲಿ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಾನು ಶಾಲೆಯಲ್ಲಿರುವಾಗ ಕರೆಯಲು ಯಾರೂ ಇರುವುದಿಲ್ಲ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ. ಅದು ಗೊತ್ತಾದ ದಿನ ನಾನು ಅತ್ತೆಗೆ ಕೇಳದ ಹಾಗೆ ಅತ್ತುಬಿಟ್ಟೆ. ನಲವತ್ತು ಲಕ್ಷ ದೊಡ್ಡದೆನ್ನಿಸಲಿಲ್ಲ, ಆ ಒಂದು ಲೋಟ ನೀರು ದೊಡ್ಡದೆನ್ನಿಸಿತು.

ಹಳೇ ಮನೆಯ ಮುಂದೆಯೇ ನಾನು ದಿನಾ ಶಾಲೆಗೆ ಹೋಗಬೇಕು. ಗೇಟಿಗೆ ಹೊಸ ಬೀಗ ಬಿದ್ದಿದೆ. ಜಗಲಿಯ ಮೇಲೆ ಧೂಳು ಕೂತಿದೆ. ತೆಗೆದುಕೊಂಡವರು ಇನ್ನೂ ಒಮ್ಮೆಯೂ ಬಂದು ನೋಡಿಲ್ಲವಂತೆ, ಇನ್ನೂ ಏರಲಿ ಎಂದು ಇಟ್ಟಿದ್ದಾರಂತೆ. ಹಾಗಂತ ಸಾಹೇಬರೇ ಹೇಳಿದರು. ಎದುರು ಮನೆಯಲ್ಲಿ ದೀಪ ಕಾಣದೆ ಅವರಿಗೂ ಬೇಜಾರಾಗುತ್ತದೆಯಂತೆ.

ಮೊನ್ನೆ ತಲೆ ಬಾಚುತ್ತಿದ್ದಾಗ ಅತ್ತೆ ಕೇಳಿದರು.

“ಆ ಮನೇಗೆ ಯಾರು ಬಂದವ್ರಮ್ಮಾ?”

“ಯಾರೂ ಬಂದಿಲ್ಲ ಅತ್ತೆ. ಬೀಗ ಹಾಕಿದಾರೆ.”

ನಾನು ಕೂದಲು ಗಂಟು ಕಟ್ಟಿದೆ. ಅತ್ತೆ ನನ್ನ ಕೈ ಹುಡುಕಿ ಹಿಡಿದುಕೊಂಡರು.

“ಖಾಲಿ ಇಡೋಕೆ ನಮ್ಮನ್ಯಾಕಮ್ಮಾ ಎಬ್ಬಿಸಿದ್ರು?”

ಇದಕ್ಕೆ ಮಡಚಲು ನಮ್ಮ ಮೇಷ್ಟ್ರ ಕೈಯಲ್ಲಿ ಇನ್ನೊಂದು ಬೆರಳು ಉಳಿದಿದೆಯೇ?