ಬಿಸಿಲಿಗೆ ಉಬ್ಬಿದ ಮೆತ್ತೆ

ಹಿರಿಯೂರಿನಲ್ಲಿ ನಮ್ಮ ಮನೆಗೂ ಹಾಸಿಗೆ ಮಾಡುವ ದಿಲಾವರನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವನು ನನಗಿಂತ ಹತ್ತು ವರ್ಷ ಚಿಕ್ಕವನು. ಎಲ್ಲರೂ ಸೈಕಲ್ ಬಿಟ್ಟುಬಿಡುವ ವಯಸ್ಸಿನಲ್ಲಿ, ಅರವತ್ತು ತುಂಬಿದ ಮೇಲೆ ಸೈಕಲ್ ಹಿಡಿದವನು.

ಅವನ ತಂದೆ ಮುಝಫರ್ ಸಾಬರು ಹತ್ತಿ ಹಿಂಜುವ ದೊಡ್ಡ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಊರೂರು ನಡೆಯುತ್ತಿದ್ದರು. ಸುಗ್ಗಿ ಮುಗಿಯುತ್ತಲೇ ಹೊರಟರೆ ಯಲ್ಲದಕೆರೆ, ಮಾರಿಕಣಿವೆ, ಹೊಸದುರ್ಗ, ಹೊಳಲ್ಕೆರೆ, ಕೊನೆಗೆ ರಾಮಗಿರಿ. ಯಾರದಾದರೂ ಜಗುಲಿಯ ಮೇಲೆ ಕೂತು ಹಳೆಯ ಹಾಸಿಗೆ ಬಿಚ್ಚಿ, ಗಂಟು ಕಟ್ಟಿದ ಹತ್ತಿಯನ್ನು ಹೊಗೆಯಷ್ಟು ಹಗುರ ಮಾಡಿ ಮತ್ತೆ ತುಂಬಿಕೊಡುತ್ತಿದ್ದರು. ದಿಲಾವರ ಎಂಟು ವರ್ಷಕ್ಕೇ ಅವರ ಹಿಂದೆ ನಡೆದ. ಕಾಲು ನೋವೆಂದು ಕೂತರೆ ಅಪ್ಪ, “ಇನ್ನೊಂದು ಊರು ನಡಿ, ಆಮೇಲೆ ನಿಂಗೊಂದು ಸೈಕಲ್” ಎನ್ನುತ್ತಿದ್ದರಂತೆ. ಊರುಗಳೆಲ್ಲ ಬಂದವು, ಸೈಕಲ್ ಬರಲಿಲ್ಲ.

ಮುಂದೆ ದಿಲಾವರ ಪೇಟೆಯಲ್ಲಿ ಅಂಗಡಿ ಇಟ್ಟ, ಹತ್ತಿ ಹಿಂಜುವುದು ಮಾತ್ರ ಮನೆಯ ಹಿತ್ತಲಲ್ಲೇ. ಮೂವತ್ತು ವರ್ಷ ಅವನ ಬಿಲ್ಲಿನ ಟುಂಯ್ ಟುಂಯ್ ಕೇಳಿಕೊಂಡೇ ನಾನು ಬೆಳಗಿನ ರೊಟ್ಟಿ ಬಡಿದೆ. ಆಮೇಲೆ ಮಗ ಫೈಜಾನ್ ಹತ್ತಿ ಹಿಂಜುವ ಮಿಷನ್ ತಂದ. ಅಪ್ಪ ದಿನವಿಡೀ ಮಾಡುತ್ತಿದ್ದುದನ್ನು ಅದು ಅರ್ಧ ಗಂಟೆಯಲ್ಲಿ ಮಾಡಿಬಿಡುತ್ತದೆ. ಬಿಲ್ಲು ಗೋಡೆಯ ಮೊಳೆಗೆ ಹೋಯಿತು, ದಿಲಾವರ ಮನೆಯ ಹೊಸ್ತಿಲಿಗೆ ಬಂದ. ಅಲ್ಲಿ ಕೂತು ತಪ್ಪು ಹುಡುಕುವುದೇ ಅವನ ಹೊಸ ಕಸುಬಾಯಿತು. ಸಾರಿಗೆ ಉಪ್ಪು ಜಾಸ್ತಿ, ಬೀದಿಯಲ್ಲಿ ಸದ್ದು ಜಾಸ್ತಿ, ಫೈಜಾನನ ಹಾಸಿಗೆ ಒಂದು ಮೂಲೆಗೆ ತೆಳು. ಇಮಾಂಬೀ, ಅವನ ಹೆಂಡತಿ, ಗೋಡೆಯ ಮೇಲಿಂದ ಕತ್ತೆತ್ತಿ ನನ್ನನ್ನು ಕರೆಯುತ್ತಿದ್ದಳು. “ಗಂಗಕ್ಕ, ಒಂದ್ ಗಳಿಗೆ ನಿಮ್ಮನೇಲಿ ಕುಂತ್ಕತೀನಿ. ಇಲ್ಲಿ ಗಾಳಿ ಬೀಸಿದ್ರೂ ತಪ್ಪಂತೆ.”

ಹೀಗಿರುವಾಗ ಒಂದು ಶುಕ್ರವಾರ ದಿಲಾವರ ಸೈಕಲ್ ತಳ್ಳಿಕೊಂಡು ಬಂದ. ಹಳೆಯದೇ, ಆದರೆ ಗೇರ್ ಇರುವುದು. ಅಪ್ಪ ನಡೆದ ಊರುಗಳನ್ನೆಲ್ಲ ಒಂದೊಂದಾಗಿ ಸೈಕಲ್ ಮೇಲೆ ನೋಡಿ ಬರುತ್ತೇನೆ, ರಾಮಗಿರಿ ಮುಟ್ಟಿದ ಮೇಲೆ ಸಾಕು ಎಂದ. ಇಮಾಂಬೀ ಸೈಕಲ್ ಸುತ್ತ ಒಂದು ಸುತ್ತು ಬಂದು, ನನ್ನನ್ನು ಕರೆದು ಸಾಕ್ಷಿಗೆ ನಿಲ್ಲಿಸಿಕೊಂಡಳು.

“ಓಡಿಸ್ರಿ, ಬ್ಯಾಡ ಅನ್ನಲ್ಲ. ಆದ್ರೆ ಓಡಿಸ್ಕಂಡು ಹೋಗಿ ಬಿದ್ರಿ ಅನ್ಕಳ್ರಿ, ಒಂದೇ ಒಂದ್ ಸಲ, ಅವತ್ತೇ ಇದು ಗುಜರಿಗೆ. ಗಂಗಕ್ಕ, ಕೇಳ್ಸ್ಕಂಡ್ರಾ?”

ಕೇಳಿಸಿಕೊಂಡೆ ಎಂದೆ. ದಿಲಾವರನೂ ಒಪ್ಪಿದ.

ಸೀಟು ಗಟ್ಟಿ ಎಂದು ಅವನು ತಾನೇ ಒಂದು ಮೆತ್ತೆ ಮಾಡಿಕೊಂಡ. ಮೊಳೆಯ ಮೇಲಿದ್ದ ಬಿಲ್ಲು ಇಳಿಸಿ, ಬೂರುಗದ ಹತ್ತಿ ಹಿಂಜಿ ತುಂಬಿದ. ಹಾಸಿಗೆಗೆ ಅಲ್ಲಲ್ಲಿ ದಪ್ಪ ದಾರದಲ್ಲಿ ಎಳೆದು ಅಮುಕಿ ಹೊಲಿಯುತ್ತಾರಲ್ಲ, ಹತ್ತಿ ಮೇಲೆ ಏಳದಂತೆ, ಆ ಹೊಲಿಗೆ ಇದಕ್ಕೂ ಹಾಕುತ್ತೇನೆ ಎಂದು ಇಮಾಂಬೀ ಸೂಜಿ ಹಿಡಿದು ಬಂದಳು. ಅಂಗೈಯಗಲದ ಮೆತ್ತೆಗೆ ಅದೆಲ್ಲ ಯಾಕೆ ಎಂದು ಅವನು ಕಳಿಸಿಬಿಟ್ಟ. ಮೊದಮೊದಲು ಮೆತ್ತೆ ಎತ್ತರವಿತ್ತು, ನಿಲ್ಲುವಾಗ ತುದಿಗಾಲು ಚಾಚಬೇಕಿತ್ತು. ಎರಡು ತಿಂಗಳು ಕೂತು ಕೂತು ರೊಟ್ಟಿಯ ಹಾಗೆ ತೆಳ್ಳಗಾಯಿತು. ಅದರ ಮೇಲೆ ಕೂತು ಅವನು ಯಲ್ಲದಕೆರೆಗೆ ಹೋಗಿ ಬಂದ, ಮಾರಿಕಣಿವೆಗೆ ಹೋಗಿ ಬಂದ. ಬಂದವನು ಸಾರು ಹೇಗಿದ್ದರೂ ಎರಡು ಸಲ ಬಡಿಸಿಕೊಂಡು ಊಟ ಮಾಡುತ್ತಿದ್ದ.

ಈ ಸಲ ರಂಜಾನ್ ಹಬ್ಬ ಬಿಸಿಲಿನಲ್ಲಿ ಬಂತು. ಮಾರನೆಯ ದಿನವೂ ಅಂಗಡಿಗೆ ರಜೆ. ದಿಲಾವರ ಬೆಳಕು ಹರಿಯುವ ಮೊದಲೇ ಹೊರಟು ಮಾರಿಕಣಿವೆ ದಾಟಿ, ಗಾಳಿಯಿಂದ ಕರೆಂಟ್ ತೆಗೆಯುವ ದೊಡ್ಡ ಫ್ಯಾನ್‌ಗಳನ್ನು ನೆಟ್ಟಿದ್ದಾರಲ್ಲ, ಆ ಗುಡ್ಡದ ರಸ್ತೆ ಹತ್ತಿದ. ಮೇಲಿಂದ ಹೊಸದುರ್ಗದ ದಾರಿ ಕಾಣುತ್ತದೆಂದು ಯಾರೋ ಹೇಳಿದ್ದರಂತೆ. ಅರ್ಧ ಓಡಿಸಿ, ಅರ್ಧ ತಳ್ಳಿ ಮೇಲೆ ತಲುಪಿ, ಹಬ್ಬದ ಉಳಿಕೆ ಊಟ ಬಿಚ್ಚಿದ. ಎದುರಿಗೆ ಅಗಲವಾದ ಹಾಸುಬಂಡೆ. ಮೇಲೆ ಚುರುಗುಟ್ಟುವ ಬಿಸಿಲು.

ಹಾಸಿಗೆ ಮಾಡುವವನಿಗೆ ಖಾಲಿ ಬಂಡೆ, ಒಳ್ಳೆಯ ಬಿಸಿಲು ಒಟ್ಟಿಗೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಸೀಟಿನ ಮೆತ್ತೆ ಬಿಚ್ಚಿ ಬಂಡೆಯ ಮೇಲೆ ಹಾಕಿದ. ಊಟ ಮಾಡಿ, ತುಸು ಮಲಗಿ, ಎದ್ದು ಅದನ್ನು ಮಗುಚಿದ. ಆಮೇಲೆ ಒಂದು ಕೋಲು ಹುಡುಕಿ ಎರಡೂ ಮಗ್ಗುಲು ಚೆನ್ನಾಗಿ ಬಡಿದ. ಹತ್ತಿ ಹೊಸದರಂತೆ ಎದ್ದು ಕೂತಿತು. ಅದನ್ನೇ ಸೀಟಿಗೆ ಕಟ್ಟಿ, ಹತ್ತಿ ಕೂತು, ಇಳಿಜಾರಿಗೆ ಬಿಟ್ಟ.

ಇಳಿಜಾರಿನಲ್ಲಿ ಹಾಡಿಕೊಂಡು ಬಂದೆ ಎಂದು ಅವನೇ ಹೇಳಿದ್ದಾನೆ. ಮೂರನೆಯ ತಿರುವಿನಲ್ಲಿ ರಸ್ತೆ ತುಂಬ ಕುರಿ. ಬ್ರೇಕ್ ಹಿಡಿದ. ಸೈಕಲ್ ನಿಂತಿತು. ಎಂದಿನಂತೆ ಎಡಗಾಲು ಇಳಿಬಿಟ್ಟ. ಎಂದಿನ ಜಾಗದಲ್ಲಿ ನೆಲವಿರಲಿಲ್ಲ. ಕಾಲು ಗಾಳಿಯಲ್ಲಿ ನೇತಾಡುತ್ತಿದ್ದಂತೆ ಸೈಕಲ್ ನಿಧಾನವಾಗಿ, ಮಲಗಿಸಿದ ಹಾಗೆ, ಎಡಕ್ಕೆ ವಾಲಿತು. ದಿಲಾವರ ರಸ್ತೆಯ ಅಂಚು ದಾಟಿ ಬಂದರಿ ಗಿಡದ ಪೊದೆಯೊಳಕ್ಕೆ ಹೋದ.

ಕುರಿಗಳ ಹಿಂದೆ ಇದ್ದವರು ರಂಗಪ್ಪ, ಅವನ ಹೆಂಡತಿ ಏಕನಾಥಮ್ಮ. ರಂಗಪ್ಪ ಇಳಿದು ಕಂಬಳಿ ಹಾಸಿ ಅವನನ್ನು ಎಳೆದು ಕೂರಿಸಿದ.

“ಅಲ್ಲ ಸಾಬ್ರೆ, ಬ್ರೇಕ್ ಹಿಡೀತು, ಸೈಕಲ್ ನಿಂತ್ಕಂತು, ಕುರಿನೂ ನಿಂತ್ಕಂಡವೆ. ನೀವೊಬ್ರೇ ಯಾಕೆ ಹೋದ್ರಿ?”

“ಕಾಲಿಗೆ ನೆಲ ಸಿಗಲಿಲ್ಲ ಕಣಪ್ಪ.”

“ನೆಲ ಎಲ್ಲಿಗೆ ಹೋಗ್ತೈತೆ, ಇಲ್ಲೇ ಐತಲ್ಲ” ಎಂದು ಏಕನಾಥಮ್ಮ ಮಜ್ಜಿಗೆ ಕೊಟ್ಟಳು.

ಎಡಗೈ ಮಣಿಕಟ್ಟು ಊದಿ ಕುಂಬಳಕಾಯಿಯಾಗುತ್ತಿತ್ತು. ರಂಗಪ್ಪ ಎರಡು ಕಡ್ಡಿ ಇಟ್ಟು ಟವೆಲ್ಲಿನಲ್ಲಿ ಬಿಗಿದ. ದಿಲಾವರನಿಗೆ ನೋವಿಗಿಂತ ಗುಜರಿಯ ಚಿಂತೆ. ಹೆಂಡತಿಯ ಶರತ್ತು ಹೇಳಿ ರಂಗಪ್ಪನ ಕೈ ಹಿಡಿದುಕೊಂಡ. “ನಾನು ಇಳಿದು ತಳ್ಕಂಡು ಬರ್ತಿದ್ದೆ, ಜಲ್ಲಿಕಲ್ಲು ಜಾರ್ತು, ಬಿದ್ದೆ. ಇಷ್ಟು ನೀನು ಹೇಳಿಬಿಡು. ಇನ್ನೂ ರಾಮಗಿರಿ ಬಾಕಿ ಐತೆ.”

“ನಂಗೆ ಸುಳ್ಳು ಹೇಳಾಕೆ ಬರಲ್ಲ ಸಾಬ್ರೆ.”

“ಕುರಿ ಮಾರಾಕೆ ಹೋದಾಗ ಬರ್ತೈತಲ್ಲ” ಎಂದಳು ಏಕನಾಥಮ್ಮ.

ರಂಗಪ್ಪನೇ ಲಗೇಜ್ ಆಟೋ ಹಿಡಿದು, ಸೈಕಲ್ಲನ್ನೂ ದಿಲಾವರನನ್ನೂ ಹಾಕಿಕೊಂಡು ಹಿರಿಯೂರಿಗೆ ಬಂದು, ಆಸ್ಪತ್ರೆಯಲ್ಲಿ ಕೈಗೆ ಸಿಮೆಂಟ್ ಪಟ್ಟು ಹಾಕಿಸಿ, ಇಳಿಹೊತ್ತಿಗೆ ಮನೆಗೆ ತಂದ. ಇಮಾಂಬೀ, ನಾನು ಹೊಸ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದೆವು. ಅವಳು ಗಂಡನ ಕೈ ನೋಡಿದಳು, ಮುಖ ನೋಡಿದಳು, ಬದುಕಿದ್ದಾನೆಂದು ಖಾತ್ರಿ ಮಾಡಿಕೊಂಡಳು. ರಂಗಪ್ಪನಿಗೆ ಚಾಪೆ ಹಾಸಿದಳು.

“ಬರ್ರಿ, ಕುಂತ್ಕಳ್ರಿ. ಹೆಂಗಾಯ್ತು, ನೀವ್ ಹೇಳ್ರಿ.”

“ತಳ್ಕಂಡೇ ಬರ್ತಿದ್ರು ಅಮ್ಮ” ಎಂದ ರಂಗಪ್ಪ, ನೆಲ ನೋಡುತ್ತಾ. ಚಾಪೆಯ ಅಂಚು ಮಡಚಿ ಬಿಡಿಸುತ್ತಾ, “ಬಾಳ ಜೋರಾಗಿ ತಳ್ಕಂಡು ಬರ್ತಿದ್ರು.”

ಇಮಾಂಬೀ ಹೂಂ ಎಂದಳು. ಎದ್ದು ಸೈಕಲ್ ಹತ್ತಿರ ಹೋಗಿ ಸೀಟಿನ ಮೇಲೆ ಕೈಯಿಟ್ಟಳು. ಒಮ್ಮೆ ಅಮುಕಿದಳು. ಕೈ ತೆಗೆದಳು. ಮತ್ತೆ ಅಮುಕಿದಳು. ಮೂವತ್ತು ವರ್ಷ ಗಂಡ ತುಂಬಿದ ಹಾಸಿಗೆಗೆಲ್ಲ ಹೊಲಿಗೆ ಹಾಕಿದ ಕೈ ಅದು.

“ಹೋಗ್ಲಿ ಬಿಡ್ರಿ, ಬಿದ್ದಿದ್ದು ಬಿದ್ರಿ” ಎಂದಳು ಮೆತ್ತಗೆ. “ಆದ್ರೆ ಈ ಹತ್ತಿ ಯಾಕೋ ಸರಿ ಇಲ್ಲ. ಮಿಷನ್ನಿಂದು ಇದ್ದಂಗೈತೆ. ಏಳಲ್ಲ, ಬೀಳಲ್ಲ.”

“ಏನಂದೆ?” ದಿಲಾವರನ ಬೆನ್ನು ನೆಟ್ಟಗಾಯಿತು. “ಮಿಷನ್ನಿಂದಾ? ನಾನು ಕೈಯಾರೆ ಹಿಂಜಿದ್ದು ಕಣೇ ಅದು. ಏಳಲ್ಲ ಅಂತಾಳೆ. ಒಂದ್ ಗಂಟೆ ಬಿಸಿಲಿಗೆ ಹಾಕಿ ನಾಕೇಟು ಕೊಟ್ಟಿದ್ದಕ್ಕೆ ಹೆಂಗ್ ಎದ್ದೈತೆ ಗೊತ್ತಾ? ಕುಂತ್ಕಂಡ್ರೆ ಕಾಲು ನೆಲಕ್ಕೆ ಎಟುಕ್ಲಿಲ್ಲ, ಅಷ್ಟೆತ್ತರ...”

ಮಾತು ಅಲ್ಲಿಗೇ ನಿಂತಿತು. ರಂಗಪ್ಪ ಟವೆಲ್ ಬಾಯಿಗೆ ಒತ್ತಿಕೊಂಡ. ಮೊದಲು ನಕ್ಕವಳು ನಾನೇ ಇರಬೇಕು. ಆಮೇಲೆ ಇಮಾಂಬೀ ಹುಣಸೆಹಣ್ಣಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, ಉರಿದು, ಅತ್ತುಕೊಂಡೇ ನಕ್ಕಳು. ದಿಲಾವರ ಎಲ್ಲರನ್ನೂ ನೋಡಿ, ಪಟ್ಟು ಹಾಕಿದ ಕೈಯನ್ನೂ ನೋಡಿಕೊಂಡು, ಕೊನೆಗೆ ತಾನೂ ಶುರು ಮಾಡಿದ.

ನಕ್ಕರೂ ಶರತ್ತು ಶರತ್ತೇ. ಅವನು ಸೈಕಲ್ಲಿನ ಬೀಗದ ಕೈ ತೆಗೆದು ಅವಳ ಮುಂದೆ ಇಟ್ಟ. ಅವಳು ಅದನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಗುಜರಿಯವನು ನಮ್ಮ ಬೀದಿಗೆ ತಿಂಗಳಿಗೊಮ್ಮೆ ಬರುತ್ತಾನೆ; ಸೈಕಲ್ ಇದೆ ಎಂದು ಅವಳು ಅವನಿಗೆ ಹೇಳಿ ಕಳಿಸಿದಳು. ಅವನು ಬರುವವರೆಗೆ ಸೈಕಲ್ ಹಿತ್ತಲ ಗೋಡೆಗೆ ಒರಗಿತು.

ದಿಲಾವರ ಮತ್ತೆ ಹೊಸ್ತಿಲಿಗೆ ಬಂದ. ಮೊದಲ ವಾರ ಎಲ್ಲರೂ ಉಪಚಾರ ಮಾಡಿದರು. ಎರಡನೆಯ ವಾರ ಸಾರಿಗೆ ಉಪ್ಪು ಜಾಸ್ತಿಯಾಯಿತು. ಮೂರನೆಯ ವಾರ ಫೈಜಾನ್ ಹಾಸಿಗೆ ತುಂಬುವುದನ್ನು ಅಂಗಡಿಯಲ್ಲೇ ಕೂತು ನೋಡುತ್ತೇನೆಂದು ಹಟ ಹಿಡಿದ. ಒಂದೇ ದಿನಕ್ಕೆ ಫೈಜಾನ್ ಅವನನ್ನು ಆಟೋದಲ್ಲಿ ಕೂರಿಸಿ ವಾಪಸ್ ಕಳಿಸಿದ. ನಾಲ್ಕನೆಯ ವಾರ ಇಮಾಂಬೀ ನಮ್ಮ ಮನೆಗೆ ಬಂದವಳು ಊಟ ಇಲ್ಲೇ ಮಾಡಿದಳು.

“ನಾನು ಮೆಂತ್ಯಸೊಪ್ಪು ಬಿಡಿಸಿದ್ದು ತಪ್ಪಂತೆ ಗಂಗಕ್ಕ. ಎಲೆ ಯಾವ ಕಡೆಯಿಂದ ಕಿತ್ರೆ ಏನು?”

“ಗುಜರಿಯವನು ಬರೋ ಹೊತ್ತಾತಲ್ಲ” ಎಂದೆ.

ಅವಳು ಎಲೆಅಡಿಕೆ ಚೀಲ ತಡವಿಕೊಂಡಳು. ಮಾರನೆಯ ಬೆಳಿಗ್ಗೆ ಗುಜರಿಯವನ ಕೂಗು ಕೇಳಿತು. ನಾನು ಬಾಗಿಲಿಗೆ ಬಂದೆ. ದಿಲಾವರ ಒಳಗಿನಿಂದಲೇ ಬಗ್ಗಿ ನೋಡುತ್ತಿದ್ದ, ಮುಖ ಬಾಡಿತ್ತು. ಇಮಾಂಬೀ ಹೊರಗೆ ಬಂದು ಒಂದು ತೂತುಬಿದ್ದ ಕೊಡ, ಎರಡು ಹಳೆಯ ಡಬ್ಬ ಕೊಟ್ಟಳು.

“ಸೈಕಲ್ ಐತೆ ಅಂದಿದ್ರಲ್ಲಮ್ಮ” ಎಂದ ಅವನು.

“ಸೈಕಲ್ಲಿಂದು ತಪ್ಪಿಲ್ಲ ಅಂತ ಗೊತ್ತಾತು. ಅದು ನಿಂತಿತ್ತಂತೆ. ತಪ್ಪು ಮಾಡಿದ್ದು ನಮ್ಮನೆ ಹತ್ತಿ, ಅದುನ್ನ ನೀನು ತಗಳಲ್ಲ. ಹೋಗಪ್ಪ.”

ಅವತ್ತು ಮಧ್ಯಾಹ್ನ ಅವಳು ಮೆತ್ತೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಪ್ಪ ಸೂಜಿಯಲ್ಲಿ ಏಳು ಕಡೆ ಎಳೆದು ಬಿಗಿದಳು. ಒಂದೊಂದು ಎಳೆತಕ್ಕೂ ಗಂಡನ ಕಡೆ ನೋಡಿದಳು. ಅವನು ಹೊಲಿಗೆಯಲ್ಲಿ ಒಂದೇ ಒಂದು ತಪ್ಪು ಹುಡುಕಲಿಲ್ಲ.

ಪಟ್ಟು ಬಿಚ್ಚಿ, ಕೈ ಪಳಗಿ, ಮಳೆಗಾಲ ಕಳೆದ ಮೇಲೆ ದಿಲಾವರ ರಾಮಗಿರಿಗೆ ಹೊರಟ. ದಾರಿಯಲ್ಲಿ ರಂಗಪ್ಪನ ಹಟ್ಟಿಗೆ ಒಂದು ದಿಂಬು ಕೊಟ್ಟು, ಹೊಸದುರ್ಗದಲ್ಲಿ ತಂಗಿ ಹುಮೇರಾಳ ಮನೆಯಲ್ಲಿ ರಾತ್ರಿ ಕಳೆದು, ಎರಡನೆಯ ದಿನ ಹೊಳಲ್ಕೆರೆ ದಾಟಿದ. ಇಮಾಂಬೀ, ನಾನು ಬಸ್ಸಿನಲ್ಲಿ ಮೊದಲೇ ಹೋಗಿ ರಾಮಗಿರಿ ಬೆಟ್ಟದ ಬುಡದಲ್ಲಿ ಹುಣಸೆಮರದ ನೆರಳಲ್ಲಿ ಬುತ್ತಿ ಇಟ್ಟುಕೊಂಡು ಕೂತಿದ್ದೆವು. ದೂರದಲ್ಲಿ ಸೈಕಲ್ ಬೆಲ್ಲಿನ ಸದ್ದು ಕೇಳಿತು. ದಿಲಾವರ ನಮ್ಮೆದುರು ಬಂದು ಬ್ರೇಕ್ ಹಿಡಿದು ಎರಡೂ ಕಾಲು ನೆಲಕ್ಕೆ ಊರಿ ನಿಂತ. “ಅಪ್ಪ ಇಲ್ಲೇ, ಇದೇ ಊರಲ್ಲಿ, ಮುಂದಿನ ವರ್ಷ ಸೈಕಲ್ ಅಂದಿದ್ರು” ಎಂದ. ಕೈ ತೊಳೆದು ಬಂದು ಊಟಕ್ಕೆ ಕೂತ.

ಹತ್ತಿರದಲ್ಲೇ ಒಂದು ಬಂಡೆ ಬಿಸಿಲು ಕಾಯುತ್ತಾ ಬಿದ್ದಿತ್ತು. ಊಟದ ನಡುವೆ ಅವನ ಕಣ್ಣು ಎರಡು ಸಲ ಅದರ ಕಡೆ ಹೋಯಿತು. ಇಮಾಂಬೀ ಸದ್ದಿಲ್ಲದೆ ಎದ್ದು, ಸೈಕಲ್ಲಿನಿಂದ ಮೆತ್ತೆ ಬಿಚ್ಚಿ ತಂದು, ನೆರಳಲ್ಲಿ ಹಾಕಿಕೊಂಡು ಅದರ ಮೇಲೆ ಕೂತಳು. ಅವನು ಮಲಗಿ ಎದ್ದು ಹೊರಡುವವರೆಗೂ ಕೂತೇ ಇದ್ದಳು.