ಸೊಂಟದ ಮೇಲಿನಿಂದ ಕಂಡ ಮುಖ

ನನ್ನ ಕಂಪ್ಯೂಟರಿನಲ್ಲಿ ಬದುಕಿರುವವರಿಗಿಂತ ಸತ್ತವರೇ ಹೆಚ್ಚು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಕೂಗಳತೆ ದೂರದಲ್ಲಿ, ಒಂದು ರೇಷ್ಮೆ ಸೀರೆ ಅಂಗಡಿಯ ಮಹಡಿ ಮೇಲೆ ನನ್ನ ಕೋಣೆ. ಮಾಸಿದ, ಹರಿದ, ಗೆದ್ದಲು ತಿಂದ ಫೋಟೊಗಳನ್ನು ಜನ ತಂದುಕೊಡುತ್ತಾರೆ. ಅದನ್ನು ನೋಡಿಕೊಂಡು ನಾನು ಗೋಡೆಗೆ ಹಾಕುವಂಥ ಚಿತ್ರ ಬರೆದುಕೊಡುತ್ತೇನೆ. ಕುಂಚವಿಲ್ಲ, ಬಣ್ಣವಿಲ್ಲ. ಪೆನ್ನಿನಂಥ ಕಡ್ಡಿಯಲ್ಲಿ ಕಪ್ಪು ಹಲಗೆಯ ಮೇಲೆ ಗೀಚಿದರೆ ಎದುರಿನ ಪರದೆಯಲ್ಲಿ ಗೆರೆ ಮೂಡುತ್ತದೆ. ಬಂದವರು ಬಹುಪಾಲು ಕೇಳುವುದು ಎರಡೇ. ಗಂಡಸಾದರೆ ಕೋಟು ಹಾಕಿ, ಹೆಂಗಸಾದರೆ ಒಡವೆ ಹಾಕಿ. ಯಾರಾದರೂ ಸರಿ, ಒಸಿ ಬೆಳ್ಳಗೆ ಮಾಡಿ. ಹೊಲದಲ್ಲಿ ಬೆಂದು ಕಪ್ಪಾದವರನ್ನು ಸತ್ತ ಮೇಲೆ ಬೆಳ್ಳಗೆ ಮಾಡಲು ನನಗೆ ಇಷ್ಟವಿಲ್ಲ, ಆದರೂ ಮಾಡುತ್ತಿದ್ದೆ. ಹೊಟ್ಟೆಪಾಡು.

ಜಗಳವೆಲ್ಲ ನನಗೆ ಸಾಫ್ಟ್‌ವೇರಿನ ಜೊತೆ. ಅದು ಆಗಾಗ ತನ್ನಷ್ಟಕ್ಕೆ ತಾನೇ ಹೊಸದಾಗುತ್ತದೆ. ಬೆಳಿಗ್ಗೆ ಬಂದು ತೆರೆದರೆ ನಿನ್ನೆ ಎಡಗಡೆ ಇದ್ದ ಗುಂಡಿ ಇವತ್ತು ಇಲ್ಲ. ಮನೆಗೆ ಬಂದ ನೆಂಟರು ನಾವು ಮಲಗಿದ್ದಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬದಲಿಸಿಟ್ಟು, ಬೆಳಿಗ್ಗೆ ಹಲ್ಲು ಕಿರಿದು ನಿಂತ ಹಾಗೆ, 'ನಿಮಗಾಗಿ ಸುಧಾರಿಸಿದ್ದೇವೆ' ಎಂದು ಒಂದು ಸಂದೇಶ ಬೇರೆ. ಯಾರಪ್ಪ ಕೇಳಿದ್ದರು ನಿನ್ನನ್ನು? ಈ ಗುಂಡಿಯನ್ನು ಇಲ್ಲಿಟ್ಟ ಪುಣ್ಯಾತ್ಮ ತನ್ನ ಜೀವಮಾನದಲ್ಲಿ ಒಂದು ಮೂಗನ್ನಾದರೂ ಬರೆದಿದ್ದಾನೆಯೇ ಎಂದು ನಾನು ಪರದೆಗೇ ಬೈಯುತ್ತೇನೆ. ಕೆಳಗಿನ ಅಂಗಡಿಯವರಿಗೆ ಅಭ್ಯಾಸವಾಗಿದೆ.

ಹೀಗೆ ಬೈಯುತ್ತ ಕೂತಿದ್ದ ಒಂದು ದಿನ ಶಾಗ್ಯ ಎಂಬ ಹಳ್ಳಿಯಿಂದ ಒಬ್ಬ ಅಜ್ಜಿ ಬಂದರು. ಜೊತೆಯಲ್ಲಿ ಅವರ ಮಗ, ಬೇಸಾಯಗಾರ, ನನಗಿಂತ ಹಿರಿಯರು. ಮೆಟ್ಟಿಲು ಹತ್ತಿ ಸುಸ್ತಾದ ಅಜ್ಜಿ ಸ್ಟೂಲಿನ ಮೇಲೆ ಕೂತು ನೀರು ಕುಡಿದು ಮಾತು ಶುರು ಮಾಡಿದರು.

"ನಮ್ಮವ್ವನ ಪೋಟ ಬೇಕು ಕಣ್ ಕೂಸು."

"ಹಳೇ ಫೋಟೊ ತಂದಿದ್ದೀರಾ ಅಜ್ಜಿ?"

"ಇದ್ದಿದ್ರೆ ನಿನ್ತಾವ್ಕೆ ಯಾಕ್ ಬರ್ತಿದ್ದೆ?"

ಫೋಟೊ ತೆಗೆಸಿಕೊಳ್ಳುವ ಮೊದಲೇ ಅವರ ತಾಯಿ ಹೋಗಿಬಿಟ್ಟಿದ್ದರು. ಆಗ ಈ ಅಜ್ಜಿ ಇನ್ನೂ ಚಿಕ್ಕ ಹುಡುಗಿ. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಸತ್ತವರ ಫೋಟೊಗಳನ್ನು ಮಣೆಯ ಮೇಲೆ ಜೋಡಿಸಿ, ಎದುರಿಗೆ ಬಾಳೆ ಎಲೆ ಹಾಕಿ ಅವರಿಗಿಷ್ಟವಾದ ಅಡುಗೆ ಬಡಿಸುವುದು ನಮ್ಮ ಕಡೆಯ ಪದ್ಧತಿ. ಈ ಅಜ್ಜಿಗೆ ತವರು, ಅತ್ತೆಮನೆ ಎರಡೂ ಶಾಗ್ಯವೇ ಆಗಿ, ತವರಿನಲ್ಲಿ ಬೇರೆ ಯಾರೂ ಉಳಿಯದೆ, ತಾಯಿಯ ಎಡೆಯೂ ಇದೇ ಮನೆಯಲ್ಲಿ ನಡೆಯುತ್ತಿತ್ತು.

"ಎಲ್ರುಗೂ ಪೋಟ ಅದೆ. ನಮ್ಮವ್ವನ ಜಾಗ್ದಲ್ಲಿ ಒಂದು ಸೀರೆ ಮಡುಚಿ ಇಕ್ತೀವಿ. ಸೀರೆಗೆ ಮುಕ ಇದ್ದದಾ ಕೂಸು?"

ಮಗ ದನಿ ತಗ್ಗಿಸಿ ಉಳಿದದ್ದನ್ನು ಹೇಳಿದರು. "ಒಂದ್ ಕಣ್ಣು ಓಗ್ಬುಡ್ತು ಮೇಡಮ್. ಇನ್ನೊಂದೂ ಮಂಜಾಯ್ತಾ ಅದೆ. ಡಾಕ್ಟ್ರು ಇನ್ನೇನೂ ಮಾಡಕ್ಕಾಗಲ್ಲ ಅಂದ್ರು. ಕಾಣೋವಾಗ್ಲೇ ಒಂದ್ಸಲ ಅವ್ವನ ನೋಡ್ಬೇಕು ಅಂತ ಹಟ."

ಆಗದು ಎನ್ನಬೇಕಿತ್ತು. ಬುದ್ಧಿಯಿರುವ ಯಾರೂ ಒಪ್ಪುವ ಕೆಲಸವಲ್ಲ. ನನ್ನ ಬಾಯಿ ಮಾತ್ರ "ಅಮಾವಾಸ್ಯೆ ಹೊತ್ತಿಗೆ ಕೊಡ್ತೀನಿ" ಎಂದುಬಿಟ್ಟಿತು.

ಅಜ್ಜಿಯ ತಾಯಿ ಹುಟ್ಟಿದ ಊರು ಯಳಂದೂರಿನ ಕಡೆಯ ಅಗರ. ಅಲ್ಲಿ ಆಕೆಯ ಅಣ್ಣನ ಮೊಮ್ಮಗಳೊಬ್ಬಳು ಇದ್ದಾಳೆ, ನೋಡಿದವರೆಲ್ಲ 'ಅಚ್ಚು ಅವಳೇ' ಅನ್ನುತ್ತಿದ್ದರು ಎಂದು ಮಗ ಹೇಳಿದ್ದರು. ಬಸ್ಸು ಹತ್ತಿ ಅಗರಕ್ಕೆ ಹೋದೆ. ಆ ಹೆಂಗಸು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಹೊರಗೆ ಬಂದು, ವಿಷಯ ಕೇಳಿ ನಕ್ಕು, ಪೌಡರು ಹಾಕಿಕೊಂಡು ಬರುತ್ತೇನೆಂದು ಒಳಗೆ ಓಡಿದಳು. ಬೇಡವೆಂದು ತಡೆಯುವುದರಲ್ಲಿ ಸಾಕುಬೇಕಾಯಿತು. ಎದುರಿನಿಂದ, ಎಡದಿಂದ, ಬಲದಿಂದ ಫೋಟೊ ತೆಗೆದುಕೊಂಡೆ. ಅಗಲ ಹಣೆ, ದಪ್ಪ ಹುಬ್ಬು, ತುಸು ಮುಂದೆ ಬಂದ ಗದ್ದ.

ಸಾಫ್ಟ್‌ವೇರಿನಲ್ಲಿ ಮುಖ ತಿದ್ದುವ ಹೊಸ ಉಪಕರಣವೊಂದಿತ್ತು. ಕೆಲಸ ಹಗುರವಾದೀತೆಂದು ಅದಕ್ಕೆ ಎದುರಿನ ಫೋಟೊ ಕೊಟ್ಟೆ. ಅದು ಕೇಳದೆಯೇ ಚರ್ಮವನ್ನು ಬೆಳ್ಳಗೆ ಮಾಡಿತು. ಗದ್ದವನ್ನು ಒಳಗೆ ತಳ್ಳಿತು. ಅಜ್ಜಿ ಹೇಳಿದ್ದರೆಂದು ಗದ್ದದ ಮೇಲೆ ನಾನು ಬರೆದ ಹಚ್ಚೆಯ ಚುಕ್ಕಿಗಳನ್ನು ಕಲೆ ಎಂದು ಅಳಿಸಿತು. ಹಣೆಯ ವಿಭೂತಿಯನ್ನು ಧೂಳು ಎಂದು ಒರೆಸಿತು. ನಾನು ಬರೆಯುವುದು, ಅದು ಒರೆಸುವುದು. ಅತ್ತೆ ಸೊಸೆ ಒಂದೇ ಒಲೆಯ ಮುಂದೆ ನಿಂತ ಹಾಗಾಯಿತು. ಕೊನೆಗೂ ಹಚ್ಚೆ, ವಿಭೂತಿ, ಮೂಗುತಿ ಎಲ್ಲ ಉಳಿಯುವಂತೆ ಮಾಡಿ ಅಜ್ಜಿಯನ್ನು ಕರೆಸಿದೆ.

ಅಜ್ಜಿ ಪರದೆಯ ಹತ್ತಿರಕ್ಕೆ, ಮೂಗು ತಾಗುವಷ್ಟು ಹತ್ತಿರಕ್ಕೆ ಮುಖ ಒಯ್ದು ನೋಡಿದರು.

"ಚೆಂದಾಗವ್ಳೆ. ಯಾರವ್ವ ಇವ್ಳು?"

ಮತ್ತೆ ಬರೆದೆ. ಕಪ್ಪು ಹೆಚ್ಚಿಸಿದೆ, ಕೆನ್ನೆ ಇಳಿಸಿದೆ. ಎರಡನೆಯ ಸಲ ಬಂದಾಗ ಅಜ್ಜಿಗೆ ನನ್ನನ್ನು ನೋಯಿಸಬಾರದು ಎಂಬ ದಾಕ್ಷಿಣ್ಯ ಬಂದಿತ್ತು. "ಇರ್ಬೋದು ಕಣವ್ವ" ಅಂದರು. ಆ ಮಾತು ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ಮಗ, "ಓಗ್ಲಿ ಬುಡಿ ಮೇಡಮ್, ಇದ್ನೇ ಕೊಡಿ. ಒಂದು ಕಾಸಿನ ಸರ ಆಕ್ಬುಡಿ, ಆಯ್ತದೆ" ಎಂದರು. ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಪರದೆಯಲ್ಲಿ ನಗುತ್ತಿದ್ದ ಆ ಯಾರದೋ ಮುಖದ ಮೇಲೆ.

"ಅಜ್ಜಿ, ಫೋಟೊ ಬಿಡಿ. ಕಣ್ಣು ಮುಚ್ಚಿದರೆ ನಿಮ್ಮವ್ವ ಹೇಗೆ ಕಾಣ್ತಾರೆ, ಅಷ್ಟು ಹೇಳಿ."

ಅಜ್ಜಿ ಕಣ್ಣು ಮುಚ್ಚಿದರು. ಆಮೇಲೆ ತಮ್ಮ ಕೈಯನ್ನು ಗಾಳಿಯಲ್ಲಿ ಎತ್ತಿ, ಏನನ್ನೋ ಹಿಡಿದುಕೊಳ್ಳುವಂತೆ ಎರಡು ಬೆರಳು ಮಡಿಸಿದರು.

"ಕಿವಿ ಕಾಣ್ತದೆ ಕೂಸು. ಅನೂರು ಸಂತೆಗೆ ನಡ್ಕಂಡು ಓಗೋದು. ಕಾಲ್ ನೋವು ಅಂತ ಅತ್ರೆ ಸೊಂಟುಕ್ಕೆ ಎತ್ಗಳೋಳು. ತಲೆ ಮ್ಯಾಲೆ ಕುಕ್ಕೆ. ಓಲೆ ಆಕಿ ಆಕಿ ಕಿವಿ ಜೋತ್ಬಿದ್ದಿತ್ತು. ಆ ತೂತಿಗೆ ಬೆರ್ಳು ಆಕಂಡೇ ಓಯ್ತಿದ್ದೆ. 'ಬುಡ್ಲೇ, ನೋಯ್ತದೆ' ಅನ್ನೋಳು. ನಾನ್ ಬುಡ್ತಿರ್ನಿಲ್ಲ."

ನಾನು ಕಡ್ಡಿ ಕೆಳಗಿಟ್ಟೆ. ಈ ಮಗಳು ಅವ್ವನ ಮುಖವನ್ನು ಎದುರಿನಿಂದ ನೆನಪಿಟ್ಟುಕೊಂಡೇ ಇರಲಿಲ್ಲ. ಕೂತು ಎದುರಿಗೆ ನೋಡಲು ಆ ತಾಯಿಗೆ ಬಿಡುವಾದರೂ ಎಲ್ಲಿತ್ತು? ಕೂಸು ಕಂಡದ್ದು ಸೊಂಟದ ಮೇಲಿನಿಂದ: ಒಂದು ಕಿವಿ, ದವಡೆಯ ಅಂಚು, ಬೆವರಿದ ಕತ್ತು, ದಾರಿಯ ಕಡೆ ನೆಟ್ಟ ಕಣ್ಣು. ಎದುರುಮುಖವನ್ನು ಸಾವಿರ ಸಲ ತಿದ್ದಿದ್ದರೂ ಅಜ್ಜಿಗೆ ಅವ್ವ ಸಿಗುತ್ತಿರಲಿಲ್ಲ.

"ನಿಮ್ಮ ಕಿವಿ ತೋರಿಸಿ ಅಜ್ಜಿ" ಅಂದೆ. ಸೆರಗು ಸರಿಸಿ ತೋರಿಸಿದರು. ಅವರದೂ ಜೋತುಬಿದ್ದ ಕಿವಿ. ತೂತು ಉದ್ದವಾಗಿ ಕೆಳಕ್ಕೆ ಎಳೆದಿತ್ತು. ಅದರ ಫೋಟೊ ತೆಗೆದುಕೊಂಡೆ.

ಅಗರದ ಹೆಂಗಸಿನ ಪಕ್ಕದಿಂದ ತೆಗೆದ ಫೋಟೊ ಮುಂದಿಟ್ಟುಕೊಂಡು ಹೊಸದಾಗಿ ಶುರು ಮಾಡಿದೆ. ಪಕ್ಕಮುಖ ಬರೆದ ತಕ್ಷಣ ಆ ಮುಖದ ಉಪಕರಣ ಕೈಯೆತ್ತಿತು. 'ಮುಖ ಸಿಗಲಿಲ್ಲ' ಎಂಬ ಪೆಟ್ಟಿಗೆ ಪರದೆಯ ನಟ್ಟನಡುವೆ ಬಂದು ಕೂತಿತು. ಮುಚ್ಚಿದರೆ ಮತ್ತೆ ಬಂತು. ಕಿವಿಯ ತೂತು ಬರೆದರೆ ರಿಪೇರಿ ಮಾಡುವ ಇನ್ನೊಂದು ಉಪಕರಣ ಅದನ್ನು ಹರಿದ ಜಾಗವೆಂದು ತಿಳಿದು ಚರ್ಮದಿಂದ ತುಂಬಿತು. ನಡುಗುವ ಗೆರೆ ಎಳೆದರೆ ಮತ್ತೊಂದು ಬಂದು ನೆಟ್ಟಗೆ ಮಾಡಿತು. ಎಂಬತ್ತು ದಾಟಿದ ಹೆಂಗಸಿನ ನೆನಪಿನಲ್ಲಿ ಉಳಿದ ತೂತನ್ನು ಮುಚ್ಚಲು ನೀನ್ಯಾವ ಊರಿನ ದೊಣ್ಣೆನಾಯಕ? ಅಂದು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಕೆಳಗಿನ ಅಂಗಡಿಯವರು ಮೇಲೆ ಬಂದು ಏನಾಯಿತೆಂದು ವಿಚಾರಿಸಿ ಹೋದರು.

ಆಮೇಲೆ ಹಟಕ್ಕೆ ಬಿದ್ದೆ. ಈ ಉಪಕಾರಗಳನ್ನೆಲ್ಲ ನಿಲ್ಲಿಸುವ ಜಾಗ ಎಲ್ಲೋ ಇರಲೇಬೇಕು. ಒಂದು ಪಟ್ಟಿಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಬಳಸುವವರ ಕೈಗೆ ಸಿಗಲೇಬಾರದು ಎಂದು ಪಣ ತೊಟ್ಟು ಹೂತಿಟ್ಟಿದ್ದರು. ಹುಡುಕಿ ಹುಡುಕಿ ಒಂದೊಂದನ್ನೇ ನಿಲ್ಲಿಸಿದೆ. ಬೆಳ್ಳಗೆ ಮಾಡುವುದು ಹೋಯಿತು. ನೆಟ್ಟಗೆ ಮಾಡುವುದು ಹೋಯಿತು. ತುಂಬುವುದು, ಒರೆಸುವುದು, ಊಹಿಸುವುದು ಎಲ್ಲ ಹೋದವು. ಉಳಿದದ್ದು ಪರದೆಯ ಮೇಲಿನ ಒಂದು ಬೋಳು ಗುಂಡು ಕುಂಚ, ನಾನು ಮೊದಲು ಕಲಿತದ್ದು. ಎಳೆದಂತೆ ಗೆರೆ, ಬಿಟ್ಟಂತೆ ತೂತು. ಎಷ್ಟೋ ವರ್ಷಗಳ ನಂತರ ಅಂದು ನನ್ನ ಕೈ ನನ್ನದಾಗಿತ್ತು, ಆ ಖುಷಿಗೆ ಒಬ್ಬಳೇ ಜೋರಾಗಿ ನಕ್ಕೆ.

ತುಸು ಕೆಳಗಿನಿಂದ, ಸೊಂಟದ ಮೇಲಿನ ಕೂಸಿನ ಕಣ್ಣೆತ್ತರದಿಂದ ಬರೆದೆ. ಬಿಸಿಲಿಗೆ ಕಿರಿದಾದ ಕಣ್ಣು, ಕುಕ್ಕೆಯ ಭಾರಕ್ಕೆ ಬಿಗಿದ ಕತ್ತು, ಬೆವರಿಗೆ ಅರ್ಧ ಅಳಿದ ವಿಭೂತಿ, ಜೋತ ಕಿವಿ, ಅದರಲ್ಲಿ ಓಲೆ. ಬಣ್ಣವೋ, ಹೊಲದ ಬಣ್ಣ. ಕಾಸಿನ ಸರ ಹಾಕಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಫ್ರೇಮನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನಾನೇ ಶಾಗ್ಯಕ್ಕೆ ಹೋದೆ. ಕಜ್ಜಾಯದ ವಾಸನೆ ಬೀದಿಗೇ ಬಂದಿತ್ತು. ನಡುಮನೆಯಲ್ಲಿ ಮಣೆಯ ಮೇಲೆ ಹಿರಿಯರೆಲ್ಲ ಸಾಲಾಗಿ ನಿಂತಿದ್ದರು, ಎದುರಿಗೆ ಎಲೆಗಳು ಸಿದ್ಧವಾಗಿದ್ದವು. ಬಟ್ಟೆ ಬಿಚ್ಚಿದ್ದೇ ತಡ, ಅಜ್ಜಿಯ ಮಗ ತಲೆ ಕೆರೆದುಕೊಂಡರು.

"ಇದೇನ್ ಮೇಡಮ್, ಪಕ್ಕುಕ್ ತಿರಿಕಂಡದೆ? ಎಡೆ ಪೋಟ ಎಲೆ ನೋಡ್ಬೇಕಲ್ವಾ? ಮುಕ ಅತ್ಲಾಗಿದ್ರೆ ಉಣ್ಣೋದು ಎಂಗೆ?"

ಅಗರದಿಂದ ಬಂದಿದ್ದ ನೆಂಟರೂ ಹೌದೌದು ಎಂದು ತಲೆಯಾಡಿಸಿದರು. ಮುಖ ತಿರುಗಿಸಿಕೊಂಡರೆ ಹಿರಿಯರು ಮುನಿದ ಹಾಗೆ ಎಂದರು ಒಬ್ಬರು. ಹುಟ್ಟಿದಾಗಿನಿಂದ ಎಡೆ ನೋಡಿದವಳು ನಾನು, ಇದೊಂದು ನನಗೆ ಹೊಳೆದೇ ಇರಲಿಲ್ಲ.

ಅಜ್ಜಿ ಯಾರ ಮಾತಿಗೂ ಕಿವಿಗೊಡದೆ ಫ್ರೇಮನ್ನು ಬಾಗಿಲ ಬೆಳಕಿಗೆ ತರಿಸಿದರು. ಒಳ್ಳೆಯ ಕಣ್ಣನ್ನು ಗಾಜಿನ ಹತ್ತಿರಕ್ಕೆ ತಂದು, ಹಣೆಯಿಂದ ಶುರುಮಾಡಿ ಮೆಲ್ಲಗೆ ಕೆಳಕ್ಕೆ ಬಂದರು. ಕಿವಿಯ ಹತ್ತಿರ ನಿಂತರು. ಎರಡು ಬೆರಳು ತಾವಾಗಿಯೇ ಗಾಜಿನ ಮೇಲೆ ಆ ತೂತಿನ ಜಾಗಕ್ಕೆ ಹೋದವು.

"ಅವ್ವಾ" ಅಂದರು. ಅಷ್ಟೇ.

ಗೆದ್ದೆ! ನನಗೆ ಕುಣಿಯಬೇಕೆನಿಸಿತು, ಅಳುವೂ ಬಂತು, ಎರಡನ್ನೂ ಮಾಡಲಾಗದೆ ಕಂಬ ಹಿಡಿದು ನಿಂತೆ. ಸಾಫ್ಟ್‌ವೇರಿನ ಆ ಗುಂಡಿಗಳನ್ನು ಮಾಡಿದವರೆಲ್ಲ ಈ ಗಳಿಗೆ ಈ ನಡುಮನೆಯಲ್ಲಿ ಇರಬೇಕಿತ್ತು.

ಅಜ್ಜಿ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದರು. "ಎಲೆ ಎದುರ್ಗೆ ಆಕ್ಬೇಡ್ಲಾ. ಅವ್ವ ನೋಡ್ತಿರೋ ಕಡೇಲಿ ಆಕು." ಆ ಕಡೆ ರಾಗಿ ಮೂಟೆಗಳಿದ್ದವು. ಮಗ ಮೂಟೆಗಳನ್ನು ಎಳೆದು ಪಕ್ಕಕ್ಕಿಟ್ಟು, ನೆಲ ಒರೆಸಿ, ತಾಯಿಯ ತಾಯಿ ನೋಡುತ್ತಿದ್ದ ಕಡೆಗೆ ಎಲೆ ಹಾಕಿದರು.

ಬಡಿಸಿ, ಧೂಪ ಹಾಕಿ, ಕೈಮುಗಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಬದುಕಿರುವವರು ನೋಡುತ್ತಿದ್ದರೆ ಹಿರಿಯರು ಉಣ್ಣುವುದಿಲ್ಲ. ಒಬ್ಬೊಬ್ಬರೇ ಹೊರಟೆವು. ಅಜ್ಜಿ ಮಾತ್ರ ಆ ಎಲೆಯ ಪಕ್ಕದಲ್ಲಿ ಕಾಲು ಮಡಿಸಿ ಕೂತುಬಿಟ್ಟರು.

"ಏಳವ್ವ, ಈಚ್ಗೆ ಬಾ" ಎಂದರು ಮಗ.

"ನಾನ್ ಬರಕ್ಕಿಲ್ಲ ಓಗ್ರಲಾ. ಕೂಸ ಈಚ್ಗೆ ಕಳುಸ್ಬುಟ್ಟು ಯಾವ್ ತಾಯಿ ಉಂಡಾಳು?"

ಬಾಗಿಲು ಮುಚ್ಚಿಕೊಂಡು ಜಗಲಿಯಲ್ಲಿ ನಿಂತೆವು. ಒಳಗಿನಿಂದ ಅಜ್ಜಿಯ ದನಿ ಸಣ್ಣಗೆ ಕೇಳುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಒಮ್ಮೆ ನಕ್ಕ ಹಾಗೆ ಕೇಳಿಸಿತು. ಸಾಕಷ್ಟು ಹೊತ್ತಾಯಿತೆಂದು ಅಗರದ ನೆಂಟರೊಬ್ಬರು ಬಾಗಿಲಿಗೆ ಕೈ ಹಾಕಲು ಹೋದರು. ಮಗ ಅಡ್ಡ ಬಂದು ಚಿಲಕದ ಮೇಲೆ ತಮ್ಮ ಕೈಯಿಟ್ಟರು.

"ಇನ್ನೊಸಿ ಹೊತ್ತು ಇರ್ಲಿ ಮಾವ" ಅಂದರು. "ಅವ್ವ ಅವ್ರವ್ವನ್ ಜೊತೆ ಉಣ್ತಾವ್ಳೆ."